ಫೋಟೊ ಮತ್ತು ಪೇಂಟಿಂಗ್: ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಕ್ಯಾಮೆರಾನೂ ಹಿಡಿಯುತ್ತೇನೆ, ಬ್ರಷ್ಷೂ ಹಿಡಿಯುತ್ತೇನೆ. ಹಾಗಾಗಿ ಎರಡೂ ಕಡೆಯವರು ನನ್ನನ್ನು ಜಗಳಕ್ಕೆ ಎಳೆಯುತ್ತಾರೆ. ಪ್ರದರ್ಶನದಲ್ಲಿ, ಮದುವೆ ಮನೆಯಲ್ಲಿ, ಬರುವ ಪತ್ರಗಳಲ್ಲಿ ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ.

## ಮೊದಲು ಕೇಳುವವು

ಬಟನ್ ಒತ್ತಿದ್ರೆ ಫೋಟೊ ಬರುತ್ತೆ. ಅದ್ರಲ್ಲಿ ಕಲೆ ಎಲ್ಲಿಂದ ಬಂತು?

ಬಟನ್ ಒತ್ತುವುದು ಕೊನೆಯ ಕೆಲಸ. ಎಲ್ಲಿ ನಿಲ್ಲಬೇಕು, ಎಷ್ಟು ಹತ್ತಿರ ಹೋಗಬೇಕು, ಯಾವ ಲೆನ್ಸ್, ಯಾವ ಹೊತ್ತಿನ ಬೆಳಕು, ಯಾವ ಕ್ಷಣ, ಇದೆಲ್ಲ ಅದಕ್ಕೂ ಮೊದಲೇ ತೀರ್ಮಾನ ಆಗಿರಬೇಕು.

ನನ್ನ ಪ್ರಕಾರ ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಶುರು ಮಾಡುವ ಜಾಗದಲ್ಲಿದೆ. ಪೇಂಟರ್ ಎದುರು ಇರುವುದು ಖಾಲಿ ಹಾಳೆ. ಅವರು ಒಂದೊಂದನ್ನೇ ಸೇರಿಸುತ್ತಾ ಹೋಗುತ್ತಾರೆ. ಫೋಟೊ ತೆಗೆಯುವವರ ಎದುರು ಇರುವುದು ತುಂಬಿ ತುಳುಕುವ ಲೋಕ. ಅವರು ಬಿಡುತ್ತಾ ಹೋಗಬೇಕು. ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲನ್ನು ಬರೆಯುವವರು ತಲೆ ಮೇಲಿನ ಕರೆಂಟ್ ವೈರನ್ನು ಸುಮ್ನೆ ಬರೆಯದೇ ಇದ್ದರಾಯಿತು. ಕ್ಯಾಮೆರಾ ಹಿಡಿದವರು ಬಗ್ಗಬೇಕು, ಪಕ್ಕಕ್ಕೆ ಸರಿಯಬೇಕು, ಇಲ್ಲವೇ ಆ ವೈರನ್ನೂ ಚಿತ್ರದ ಕೆಲಸಕ್ಕೆ ಬಳಸಿಕೊಳ್ಳಬೇಕು. ಸೇರಿಸುವುದೂ ಬಿಡುವುದೂ ಎರಡೂ ಆಯ್ಕೆಯೇ. ಕಲೆ ಇರುವುದು ಆ ಆಯ್ಕೆಯಲ್ಲಿ.

ತಿಂಗಳುಗಟ್ಟಲೆ ಕೂತು ಬರೆದ ಚಿತ್ರಕ್ಕೂ ಅರೆಕ್ಷಣದ ಫೋಟೊಗೂ ಹೋಲಿಕೆನಾ? ಶ್ರಮಕ್ಕೆ ಬೆಲೆ ಬೇಡ್ವಾ?

ಶ್ರಮಕ್ಕೆ ಬೆಲೆ ಇದೆ, ಆದರೆ ಗಡಿಯಾರ ನೋಡಿ ಕಲೆಯನ್ನು ಅಳೆಯಲು ಆಗುವುದಿಲ್ಲ. ವರ್ಷವಿಡೀ ಬರೆದ ಕೆಟ್ಟ ಚಿತ್ರಗಳೂ ಬೇಕಾದಷ್ಟಿವೆ, ಅಲ್ವಾ?

ಫೋಟೊದಲ್ಲಿ ಸಮಯ ಬೇರೆ ಕಡೆ ಖರ್ಚಾಗುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುವುದನ್ನು ಕಂಡರು. ಮುಳುಗುವ ಬಿಸಿಲು ಸ್ಮಶಾನದ ಬಿಳಿ ಶಿಲುಬೆಗಳ ಮೇಲಿತ್ತು. ಬೆಳಕು ಅಳೆಯುವ ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟು ಎಂಬ ಲೆಕ್ಕ ತಲೆಯಲ್ಲಿತ್ತು, ಅದರ ಮೇಲೆ ಎಕ್ಸ್‌ಪೋಷರ್ (ಫಿಲ್ಮಿನ ಮೇಲೆ ಎಷ್ಟು ಬೆಳಕು ಬೀಳಬೇಕು ಎಂಬ ಅಳತೆ) ಹೊಂದಿಸಿ ಒಂದು ನೆಗೆಟಿವ್ ತೆಗೆದರು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಿಸಿಲು ಹೋಯಿತು. ಆ ಕೆಲವು ನಿಮಿಷಗಳ ಹಿಂದೆ ಎಷ್ಟೋ ವರ್ಷಗಳ ಅಭ್ಯಾಸ ಇದೆ. ಮುಂದೆಯೂ ಕೆಲಸ ಮುಗಿಯಲಿಲ್ಲ. ಅದೇ ನೆಗೆಟಿವನ್ನು ಡಾರ್ಕ್‌ರೂಮಿನಲ್ಲಿ ಮತ್ತೆ ಮತ್ತೆ ಪ್ರಿಂಟ್ ಮಾಡುತ್ತಾ ಹೋದರು. ಮೊದಲ ಪ್ರಿಂಟುಗಳಲ್ಲಿ ಆಕಾಶದಲ್ಲಿ ತಿಳಿ ಮೋಡ ಕಾಣುತ್ತದೆ. ಆಮೇಲಿನವುಗಳಲ್ಲಿ ಆಕಾಶ ಕಪ್ಪಾಗುತ್ತಾ ಬಂದಿದೆ.

ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದ ಸುತ್ತ ತೆಗೆದ ಹಕ್ಕಿಗಳ ಫೋಟೊ ನೋಡಿ. ಹಕ್ಕಿ ಯಾವ ಕೊಂಬೆಗೆ ಬರುತ್ತದೆ, ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದವರಿಗೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಂಥದ್ದು ಸಿಗುವುದಿಲ್ಲ.

ಇದ್ದದ್ದನ್ನ ಇದ್ದ ಹಾಗೇ ತೋರ್ಸೋದು ಫೋಟೊ, ಕಲ್ಪನೆ ಇರೋದು ಪೇಂಟಿಂಗ್. ಇಷ್ಟೇ ತಾನೇ?

ಹೇಳಲು ಚೆನ್ನಾಗಿದೆ, ನಿಜ ಅಲ್ಲ. ಕಪ್ಪು ಬಿಳುಪಿನ ಲೋಕವನ್ನು ಯಾರು ಕಣ್ಣಲ್ಲಿ ಕಂಡಿದ್ದಾರೆ? ಬೆಳಕು ಒಳಬಿಡುವ ಶಟರನ್ನು ಕೆಲವು ಸೆಕೆಂಡು ತೆರೆದಿಟ್ಟರೆ ಜೋಗದ ನೀರು ಹಾಲಿನ ಮಂಜಿನಂತೆ ಕಾಣುತ್ತದೆ. ಜೋಗದಲ್ಲಿ ನಿಂತವರಿಗೆ ಹಾಗೆ ಕಾಣುವುದಿಲ್ಲ.

ಕೆಲವು ಸಲ ಕಣ್ಣಿಗಿಂತ ಕ್ಯಾಮೆರಾ ಸರಿ ಇರುತ್ತದೆ. ಓಡುವ ಕುದುರೆಯ ನಾಲ್ಕೂ ಕಾಲು ಹಿಂದಕ್ಕೂ ಮುಂದಕ್ಕೂ ಚಾಚಿಕೊಂಡಿರುತ್ತವೆ ಎಂದು ಪೇಂಟರುಗಳು ತುಂಬಾ ಕಾಲ ಬರೆದರು. ಫ್ರಾನ್ಸಿನ ಪೇಂಟರ್ ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ಕುದುರೆ ರೇಸಿನ ಚಿತ್ರದಲ್ಲೂ ಹಾಗೇ ಇದೆ. 1878ರಲ್ಲಿ ಮೈಬ್ರಿಜ್ ಎಂಬವರು ಸಾಲಾಗಿ ಕ್ಯಾಮೆರಾ ನಿಲ್ಲಿಸಿ ಫೋಟೊ ತೆಗೆದಾಗ ಬೇರೆಯೇ ಕಂಡಿತು. ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಆಗ ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ತಮಾಷೆ ಏನೆಂದರೆ ಇವತ್ತಿಗೂ ಜೆರಿಕೊ ಕುದುರೆಗಳೇ ಜೋರಾಗಿ ಓಡುತ್ತಿವೆ ಎನಿಸುತ್ತದೆ. ಮೈಬ್ರಿಜ್ ಕುದುರೆ ಗಾಳಿಯಲ್ಲಿ ತೂಗುಹಾಕಿದ ಹಾಗಿದೆ.

ಫೋಟೊ ಬಂದ್ಮೇಲೆ ಪೇಂಟರುಗಳ ಹೊಟ್ಟೆ ಮೇಲೆ ಕಲ್ಲು ಬಿತ್ತಂತೆ?

ಕೆಲವರಿಗೆ ಬಿತ್ತು. 1839ರಲ್ಲಿ ಫ್ರಾನ್ಸಿನಲ್ಲಿ ಡಗೇರ್ ಅವರ ಫೋಟೊ ತೆಗೆಯುವ ವಿಧಾನ ಹೊರಬಂತು. ಅಂಗೈ ಅಗಲದ ಮುಖಚಿತ್ರ ಬರೆದು ಬದುಕುತ್ತಿದ್ದವರಿಗೆ ಕೆಲವೇ ವರ್ಷಗಳಲ್ಲಿ ಗಿರಾಕಿ ಇಲ್ಲದಾಯಿತು. ಅವರಲ್ಲಿ ಎಷ್ಟೋ ಜನ ತಾವೇ ಸ್ಟುಡಿಯೊ ತೆರೆದರು, ಇಲ್ಲವೇ ಫೋಟೊಗೆ ಬಣ್ಣ ಹಚ್ಚುವ ಕೆಲಸ ಹಿಡಿದರು. ಭಾರತದಲ್ಲಂತೂ ಬಣ್ಣ ಹಚ್ಚಿದ ಫೋಟೊ ದೊಡ್ಡ ಸಂಪ್ರದಾಯವೇ ಆಯಿತು. ಮುಖ ಕ್ಯಾಮೆರಾದ್ದು, ಜರಿ ಪೇಟ, ಒಡವೆ, ಹಿಂದಿನ ಪರದೆ ಎಲ್ಲ ಕುಂಚದ್ದು. ಅದನ್ನು ಫೋಟೊ ಅನ್ನಬೇಕೋ ಪೇಂಟಿಂಗ್ ಅನ್ನಬೇಕೋ ಎಂದು ತೆಗೆಸಿಕೊಂಡವರು ತಲೆ ಕೆಡಿಸಿಕೊಳ್ಳಲಿಲ್ಲ.

ಫೋಟೊದಿಂದಲೇ ಪೇಂಟಿಂಗಿಗೆ ಬಿಡುಗಡೆ ಸಿಕ್ಕಿ, ಬಯಲಲ್ಲಿ ಕೂತು ಆ ಗಳಿಗೆಯ ಬೆಳಕನ್ನೇ ಬರೆಯುವ ಇಂಪ್ರೆಷನಿಸಂ ಶೈಲಿ ಹುಟ್ಟಿತು ಎಂಬ ಮಾತನ್ನು ಅರ್ಧ ಮಾತ್ರ ನಂಬಿ. ಟ್ಯೂಬಿನಲ್ಲಿ ಬಣ್ಣ ಸಿಗತೊಡಗಿದ್ದು, ಊರಾಚೆಗೆ ರೈಲು ಬಂದದ್ದು, ಜಪಾನಿನ ಮರದಚ್ಚಿನ ಚಿತ್ರಗಳು ಯುರೋಪಿಗೆ ತಲುಪಿದ್ದು, ಇವೂ ಅಷ್ಟೇ ಮುಖ್ಯ. ಆದರೂ 1874ರಲ್ಲಿ ಆ ಶೈಲಿಯ ಪೇಂಟರುಗಳ ಮೊದಲ ಪ್ರದರ್ಶನ ನಡೆದದ್ದು ಪ್ಯಾರಿಸ್ಸಿನಲ್ಲಿ ನಾದಾರ್ ಎಂಬ ಫೋಟೊಗ್ರಾಫರ್ ಬಿಟ್ಟುಕೊಟ್ಟ ಹಳೆಯ ಸ್ಟುಡಿಯೊದಲ್ಲಿ.

## ಸ್ವಲ್ಪ ಒಳಗೆ ಹೋದರೆ

ಫೋಟೊನೂ ಕಲೆ ಅಂತ ಯಾರು ಯಾವಾಗ ಒಪ್ಪಿದ್ದು?

ಮೊದಲು ಒಪ್ಪಿದವರಲ್ಲಿ ಕೋರ್ಟುಗಳಿವೆ. ಪ್ಯಾರಿಸ್ಸಿನ ಮೇಯರ್ ಮತ್ತು ಪಿಯರ್ಸನ್ ಎಂಬ ಸ್ಟುಡಿಯೊದವರು ತಮ್ಮ ಫೋಟೊ ಕದ್ದರೆಂದು ಕೇಸು ಹಾಕಿದರು. ಕದ್ದದ್ದು ಎನ್ನಬೇಕಾದರೆ ಅದು ಕಲಾಕೃತಿ ಎಂದು ಮೊದಲು ಸಾಬೀತಾಗಬೇಕಿತ್ತು. 1862ರಲ್ಲಿ ಅವರು ಗೆದ್ದರು. ಆಂಗ್ರ್ ಅಂಥ ದೊಡ್ಡ ಪೇಂಟರುಗಳು ಇದರ ವಿರುದ್ಧ ಸಹಿ ಹಾಕಿದ್ದರು. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಇಂಥದ್ದೇ ಮಾತು ಹೇಳಿತು. ಅಲ್ಲಿ ಜಗಳ ಇದ್ದದ್ದು ಆಸ್ಕರ್ ವೈಲ್ಡ್ ಅವರ ಒಂದು ಫೋಟೊ ಮೇಲೆ. ಕೂರಿಸಿದ ಭಂಗಿ, ಉಡುಪು, ಬೆಳಕು ಇವೆಲ್ಲ ಫೋಟೊಗ್ರಾಫರನ ಸ್ವಂತ ಯೋಚನೆ ಎಂದು ಕೋರ್ಟ್ ಕಂಡಿತು.

ವಿಮರ್ಶಕರು ತಡ ಮಾಡಿದರು. ಕವಿ ಬೋದಿಲೇರ್ 1859ರಲ್ಲೇ ಫೋಟೊವನ್ನು ಚೆನ್ನಾಗಿ ಬೈದಿದ್ದರು. ವಿಜ್ಞಾನಕ್ಕೂ ಕಲೆಗೂ ಸೇವಕಿಯಾಗಿರಲಿ, ಕಲ್ಪನೆಯ ಮನೆಗೆ ಕಾಲಿಡಬಾರದು ಎಂಬುದು ಅವರ ವಾದ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಫೋಟೊಗೆಂದೇ ಒಂದು ವಿಭಾಗ ತೆರೆದದ್ದು 1940ರಲ್ಲಿ.

ರವಿವರ್ಮ ಫೋಟೊ ಇಟ್ಕೊಂಡು ಬರೀತಿದ್ರಂತೆ. ಅದು ಮೋಸ ಅಲ್ವಾ?

ಬಳಸುತ್ತಿದ್ದರು, ಮೋಸ ಅಲ್ಲ. ಫ್ರಾನ್ಸಿನ ದೆಲಕ್ರುವಾ ಫೋಟೊ ನೋಡಿ ಮೈಕಟ್ಟು ಅಭ್ಯಾಸ ಮಾಡಿದರು. ದೆಗಾ ತಾವೇ ಫೋಟೊ ತೆಗೆದರು. ಸೀರೆಯ ನೆರಿಗೆ ಹೇಗೆ ಬೀಳುತ್ತದೆ ಎಂದು ಫೋಟೊ ಹೇಳಿಕೊಡಬಹುದು. ಆ ನೆರಿಗೆಯ ಮೇಲೆ ರೇಷ್ಮೆಯ ಮಿಂಚನ್ನು ಎಣ್ಣೆಬಣ್ಣದಲ್ಲಿ ತರುವುದು ಬೇರೆಯೇ ಕೆಲಸ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಚಿತ್ರಗಳಿವೆ, ಹತ್ತಿರ ನಿಂತು ನೋಡಿ.

ಈ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಪ್ರೆಸ್ ಹಾಕಿದರು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ಗೋಡೆಗೆ ಬಂದರು. ನೂರು ವರ್ಷ ಕಳೆದ ಮೇಲೆ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ಆ ಚಿತ್ರಗಳನ್ನು ಸ್ಟುಡಿಯೊದಲ್ಲಿ ಮತ್ತೆ ಕಟ್ಟಿದರು. ಪರದೆ ಬರೆಸಿ, ಒಡವೆ ಹಾಕಿಕೊಂಡು, ತಾವೇ ಲಕ್ಷ್ಮಿಯಾಗಿ, ಬೆಳದಿಂಗಳ ಹೆಣ್ಣಾಗಿ ಕ್ಯಾಮೆರಾ ಎದುರು ನಿಂತರು. ನೋಡಿದ ಕೂಡಲೇ ಕ್ಯಾಲೆಂಡರಿನ ದೇವಿ ಅನ್ನಿಸುತ್ತದೆ. ಮರುಕ್ಷಣ ಅದು ಉಸಿರಾಡುವ ಒಬ್ಬ ಹೆಂಗಸು, ಕೈ ಎತ್ತಿ ನಿಂತು ಕೈ ನೋಯುತ್ತಿರಬಹುದು ಎಂದು ಹೊಳೆಯುತ್ತದೆ. ಪೇಂಟಿಂಗಿನಲ್ಲಿ ಹುಟ್ಟದ ಯೋಚನೆ ಅದು. ಎರಡು ಕಲೆಗಳ ಹೋಲಿಕೆಗೆ ನನಗೆ ಇದಕ್ಕಿಂತ ಒಳ್ಳೆಯ ಪಾಠ ಗೊತ್ತಿಲ್ಲ.

ಹಳೇ ಕಾಲದ್ದು ತಿಳ್ಕೊಳ್ಳೋಕೆ ಫೋಟೊ ನಂಬ್ಬೇಕಾ, ಪೇಂಟಿಂಗ್ ನಂಬ್ಬೇಕಾ?

ಹಂಪಿಯನ್ನೇ ತೆಗೆದುಕೊಳ್ಳಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಅಲ್ಲಿ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಫೋಟೊ ತೆಗೆದರು. ಅದರಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ. ಇವತ್ತು ಅದಿಲ್ಲ. ಗೋಪುರವನ್ನು ಪೇಂಟಿಂಗಿನಲ್ಲಿ ಕಂಡಿದ್ದರೆ, ಬರೆದವನು ಸೇರಿಸಿರಬೇಕು ಎಂದು ತಳ್ಳಿಹಾಕಬಹುದಿತ್ತು. ಫೋಟೊವನ್ನು ಹಾಗೆ ತಳ್ಳಿಹಾಕುವುದು ಕಷ್ಟ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಬಿದ್ದಿದೆ, ಏನು ಉಳಿದಿದೆ ಎಂದು ಬೆರಳಿಟ್ಟು ತೋರಿಸಬಹುದು.

ಆದರೆ ಆ ಕಾಲದ ಫೋಟೊ ಹೇಳದ್ದೂ ಜಾಸ್ತಿ ಇದೆ. ಬಣ್ಣ ಇಲ್ಲ. ಆಗಿನ ನೆಗೆಟಿವ್ ನೀಲಿ ಬೆಳಕಿಗೆ ಬೇಗ ಸುಡುತ್ತಿದ್ದರಿಂದ ಆಕಾಶ ಬರೀ ಬಿಳಿ, ಮೋಡ ಇಲ್ಲ. ಎಕ್ಸ್‌ಪೋಷರ್ ಉದ್ದ ಇದ್ದದ್ದರಿಂದ ನಡೆದಾಡುವವರು ಮೂಡುವುದಿಲ್ಲ, ಅಲುಗಾಡದೆ ನಿಂತವರು ಮಾತ್ರ ಉಳಿಯುತ್ತಾರೆ. ಗಿಜಿಗುಡುವ ಸಂತೆಯೂ ಹಾಳುಸುರಿದಂತೆ ಕಾಣಬಹುದು. ಅಂಥ ಕಡೆ ಒಬ್ಬ ಕಲಾವಿದ ಅವಸರದಲ್ಲಿ ಗೀಚಿದ ಜಲವರ್ಣವೇ ಹೆಚ್ಚು ಸುದ್ದಿ ಕೊಡುತ್ತದೆ.

ನನ್ನ ಫೋಟೊ ನೋಡಿ "ಪೇಂಟಿಂಗ್ ಥರಾನೇ ಇದೆ" ಅಂದ್ರು. ಹೊಗಳಿಕೆ ಅಂದ್ಕೋಬಹುದಾ?

ಅವರು ಹೊಗಳಿದ್ದೇ ಇರಬೇಕು. ನಾನಾಗಿದ್ದರೆ ಫೋಟೊ ಮತ್ತೊಮ್ಮೆ ನೋಡಿಕೊಳ್ಳುತ್ತಿದ್ದೆ.

ಈ ಆಸೆ ಹಳೆಯದು. 19ನೇ ಶತಮಾನದ ಕೊನೆಗೆ ಪಿಕ್ಟೋರಿಯಲಿಸ್ಟರು ಎಂಬ ಗುಂಪು ಬೆಳೆಯಿತು. ಅವರು ಲೆನ್ಸನ್ನು ಮಸುಕು ಮಾಡಿದರು, ಗೋಂದಿಗೆ ಬಣ್ಣ ಬೆರೆಸಿ ಮಾಡುವ ಗಮ್ ಬೈಕ್ರೋಮೇಟ್ ಪ್ರಿಂಟುಗಳನ್ನು ಬ್ರಷ್ಷಿನಿಂದ ತೊಳೆದು ಇದ್ದಿಲಿನ ಚಿತ್ರದಂತೆ ಮಾಡಿದರು. ಗೌರವ ಬೇಕಿತ್ತು, ಅದಕ್ಕೆ ಪೇಂಟಿಂಗಿನ ಬಟ್ಟೆ ತೊಟ್ಟರು. 1932ರಲ್ಲಿ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಇದನ್ನು ಬೇಡವೆಂದು ಬೇರೆ ಗುಂಪು ಕಟ್ಟಿದರು. ಹೆಸರು ಎಫ್ 64. ಲೆನ್ಸಿನ ಕಿಂಡಿಯನ್ನು ತೀರಾ ಕಿರಿದು ಮಾಡುವ ಅಳತೆ ಅದು, ಆಗ ಹತ್ತಿರದಿಂದ ದೂರದವರೆಗೆ ಎಲ್ಲ ಚೂಪಾಗಿ ಬರುತ್ತದೆ.

ಎಲ್ಲ ಮಸುಕೂ ಸುಳ್ಳಲ್ಲ. ಕೋಲ್ಕತ್ತಾದಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ 1860ರ ದಶಕದಲ್ಲಿ ತೆಗೆದ ಮುಖಗಳು ಮಸುಕಾಗಿವೆ, ಆದರೂ ಅವು ಫೋಟೊಗಳೇ. ಕೂತವರು ಉಸಿರಾಡಿದ್ದು, ಅಲುಗಿದ್ದು ಆ ಮಸುಕಿನಲ್ಲಿದೆ. ಸಲೋನ್ ಎನ್ನುವ ನಮ್ಮ ಫೋಟೊ ಸ್ಪರ್ಧೆಗಳಲ್ಲಿ ಬರುವ ಮಂಜು, ಎತ್ತಿನಗಾಡಿ, ಓರೆ ಬಿಸಿಲಿನ ಚಿತ್ರಗಳ ಬಗ್ಗೆ ಹಾಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಚೆಂದ ಇರುತ್ತವೆ. ನೂರನೆಯದನ್ನು ನೋಡುವಾಗ ಮೊದಲನೆಯದು ಮರೆತಿರುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಮಕ್ಕಳ ಫೋಟೊಗಳನ್ನು ಯಾರೂ ಪೇಂಟಿಂಗ್ ಥರಾ ಇದೆ ಎನ್ನುವುದಿಲ್ಲ. ಅವಕ್ಕೆ ಅದರ ಅಗತ್ಯವೂ ಇಲ್ಲ.

ಉಲ್ಟಾ ಆದ್ರೆ? ಪೇಂಟಿಂಗ್ ಥೇಟ್ ಫೋಟೊ ಥರಾ ಇದ್ರೆ?

ಕೈಚಳಕ ಎಂದು ಬೆರಗಾಗಿ, ಆಮೇಲೆ ಇದನ್ನು ಯಾಕೆ ಬರೆದರು ಎಂದು ಕೇಳಿ. ಅಮೆರಿಕದ ಪೇಂಟರ್ ಚಕ್ ಕ್ಲೋಸ್ ಆಳೆತ್ತರ ಮೀರಿದ ಮುಖಗಳನ್ನು ಫೋಟೊ ನೋಡಿ ಬರೆದರು. ಕಿವಿಯ ಹತ್ತಿರ ಫೋಕಸ್ ತಪ್ಪಿದ್ದನ್ನೂ ಹಾಗೇ ಬರೆದರು. ಅಲ್ಲಿ ಚಿತ್ರದ ವಿಷಯವೇ ಫೋಟೊ. ಫೋನಿನಲ್ಲಿರುವ ಸಿನಿಮಾ ನಟನ ಸ್ಟಿಲ್ಲನ್ನು ಪೆನ್ಸಿಲ್ಲಿನಲ್ಲಿ ಕೂದಲು ಕೂದಲಾಗಿ ನಕಲು ಮಾಡುವುದು ಒಳ್ಳೆಯ ಅಭ್ಯಾಸ, ಅಷ್ಟೇ.

ಫೋಟೊಶಾಪ್ ಮಾಡಿದ್ಮೇಲೆ ಅದು ಫೋಟೊನೇ ಅಲ್ಲ ಅಂತೀನಿ ನಾನು. ಸರಿ ತಾನೇ?

ಕೈಯಾಡಿಸುವುದು ಕಂಪ್ಯೂಟರಿನಿಂದ ಶುರುವಾಗಲಿಲ್ಲ. 1857ರಲ್ಲಿ ರೈಲಾಂಡರ್ ಎಂಬವರು ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಜೋಡಿಸಿ ಒಂದೇ ಚಿತ್ರ ಮಾಡಿದರು. ವಿಕ್ಟೋರಿಯಾ ರಾಣಿ ಅದರ ಒಂದು ಪ್ರತಿ ಕೊಂಡಳು.

ನಾನು ಕೇಳುವುದು, ಆ ಚಿತ್ರ ನೋಡುವವರಿಗೆ ಏನೆಂದು ಮಾತು ಕೊಟ್ಟಿದೆ ಎಂದು. ಸುದ್ದಿ ಫೋಟೊ ಮತ್ತು ಕಾಡಿನ ಫೋಟೊ "ನಾನು ಇದನ್ನು ಕಂಡೆ" ಎನ್ನುತ್ತವೆ. ಅಲ್ಲಿ ಏನನ್ನೂ ಸೇರಿಸಬಾರದು, ತೆಗೆಯಬಾರದು. 1982ರ ಫೆಬ್ರುವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ತನ್ನ ಮುಖಪುಟಕ್ಕೆ ಹೊಂದಲಿ ಎಂದು ಪಿರಮಿಡ್ಡುಗಳನ್ನು ಹತ್ತಿರ ಸರಿಸಿ ಸಾಕಷ್ಟು ಬೈಸಿಕೊಂಡಿತು. ಪೇಂಟರ್ ಸರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಅವರು ಅಂಥ ಮಾತೇ ಕೊಟ್ಟಿರುವುದಿಲ್ಲ.

ಮಗಳು ಯಾವುದನ್ನ ಮೊದ್ಲು ಕಲೀಲಿ?

ಎರಡೂ ಒಟ್ಟಿಗೆ ಕಲಿಯಲಿ, ಕಾಸು ಇಲ್ಲದಿದ್ದರೆ ಪೆನ್ಸಿಲ್. ಒಂದು ಲೋಟವನ್ನು ಅರ್ಧ ಗಂಟೆ ನೋಡಿ ಬರೆದವರಿಗೆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಫ್ರಾನ್ಸಿನ ಫೋಟೊಗ್ರಾಫರ್ ಆನ್ರಿ ಕಾರ್ಟಿಯೆ ಬ್ರೆಸೋನ್ ಮೊದಲು ಕಲಿತದ್ದು ಪೇಂಟಿಂಗ್. ಕ್ಯಾಮೆರಾದಲ್ಲಿ ಜಗತ್ತಿನ ಹೆಸರು ಮಾಡಿ, 1970ರ ದಶಕದಲ್ಲಿ ಮತ್ತೆ ಪೆನ್ಸಿಲ್ಲಿಗೆ ಹೋದರು. ಮೈಸೂರಿನ ಕಾವಾ ಎಂಬ ಕಲಾ ಕಾಲೇಜಿನಲ್ಲಿ ಎರಡನ್ನೂ ಒಂದೇ ಆವರಣದಲ್ಲಿ ಕಲಿಸುತ್ತಾರೆ.

## ಕಾಸು, ಕಾನೂನು

ಫೋಟೊಗೆ ಪೇಂಟಿಂಗಿನಷ್ಟು ರೇಟು ಯಾಕಿಲ್ಲ?

ಒಂದೇ ನೆಗೆಟಿವಿನಿಂದ ಎಷ್ಟು ಬೇಕಾದರೂ ಪ್ರಿಂಟ್ ತೆಗೆಯಬಹುದಲ್ಲ, ಅದಕ್ಕೆ. ಮಾರುವವರು ಹತ್ತೋ ಇಪ್ಪತ್ತೋ ಪ್ರಿಂಟಿಗೆ ನಿಲ್ಲಿಸಿ ನಂಬರ್ ಹಾಕುತ್ತಾರೆ. ಮ್ಯಾನ್ ರೇ ತೆಗೆದ, ಬೆನ್ನ ಮೇಲೆ ಪಿಟೀಲಿನ ಗುರುತಿರುವ ಹೆಂಗಸಿನ ಫೋಟೊ 2022ರಲ್ಲಿ ಸುಮಾರು 1.24 ಕೋಟಿ ಡಾಲರಿಗೆ ಹೋಯಿತು. ಲಿಯೊನಾರ್ಡೊ ಹೆಸರಿನ ಕ್ರಿಸ್ತನ ಪೇಂಟಿಂಗ್ 2017ರಲ್ಲಿ ಸುಮಾರು 45 ಕೋಟಿ ಡಾಲರಿಗೆ ಹೋಗಿತ್ತು. ರೇಟು ಸಿಗುವುದು ವಸ್ತು ಅಪರೂಪದ್ದು ಎಂಬುದಕ್ಕೆ, ಕಲೆಗೆ ಸಿಗುವುದೇ ಬೇರೆ.

ನಮ್ಮ ಮದ್ವೆ ಫೋಟೊ ಹಕ್ಕು ಯಾರದ್ದು? ಪೇಂಟಿಂಗ್ ಬರೆಸಿದ್ರೆ ಬೇರೆ ಕಾನೂನಾ?

1957ರ ಕಾಪಿರೈಟ್ ಕಾಯ್ದೆ ಎರಡನ್ನೂ ಕಲಾಕೃತಿ ಎನ್ನುತ್ತದೆ, ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳುವುದೇ ಇಲ್ಲ. ನೀವು ದುಡ್ಡು ಕೊಟ್ಟು ಫೋಟೊ ತೆಗೆಸಿದರೆ, ಅಥವಾ ಪೇಂಟಿಂಗ್ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಮೊದಲ ಹಕ್ಕು ನಿಮ್ಮದು. ಸ್ಟುಡಿಯೊದವರ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದಿ, ಒಪ್ಪಂದ ಅಲ್ಲೇ ಅಡಗಿರುತ್ತದೆ. ಅವಧಿಯಲ್ಲಿ ಮೊದಲು ಭೇದ ಇತ್ತು, 2012ರ ತಿದ್ದುಪಡಿ ಅದನ್ನು ತೆಗೆಯಿತು. ಈಗ ಫೋಟೊಗೂ ತೆಗೆದವರ ಜೀವಮಾನ ಮತ್ತು ಆಮೇಲೆ 60 ವರ್ಷ.

## ತಲೆ ತಿನ್ನುವವು

ಲಕ್ಕಿನಿಂದ ಸಿಕ್ಕ ಒಳ್ಳೆ ಫೋಟೊನೂ ಕಲೆನಾ? ಲಕ್ಕಿನಿಂದ ಯಾರೂ ಒಳ್ಳೆ ಪೇಂಟಿಂಗ್ ಬರೆಯಲ್ಲವಲ್ಲ?

ಈ ಏಟು ಸರಿಯಾಗಿ ಬೀಳುತ್ತದೆ. ಮೊದಲ ಸಲ ಕ್ಯಾಮೆರಾ ಹಿಡಿದ ಹುಡುಗನಿಗೂ ಒಂದು ಅದ್ಭುತ ಫೋಟೊ ಸಿಕ್ಕಿಬಿಡಬಹುದು. ಮೊದಲ ಸಲ ಬ್ರಷ್ ಹಿಡಿದವನಿಗೆ ಕಲಾವಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಸಿಕ್ಕುವುದಿಲ್ಲ. ಅದಕ್ಕೇ ಒಂದು ಫೋಟೊ ನೋಡಿ ತೆಗೆದವರನ್ನು ಕಲಾವಿದ ಎನ್ನಲು ನಾನು ಹಿಂಜರಿಯುತ್ತೇನೆ. ಇಪ್ಪತ್ತು ತೋರಿಸಿ ಎನ್ನುತ್ತೇನೆ. ಅದೃಷ್ಟ ಇಪ್ಪತ್ತು ಸಲ ಒಂದೇ ಬಗೆಯಲ್ಲಿ ನೋಡುವುದಿಲ್ಲ. ಸಾವಿರ ಫ್ರೇಮಿನಲ್ಲಿ ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಬಿಸಾಡಿದರು ಎಂಬುದರಲ್ಲೂ ಕಣ್ಣು ಕಾಣುತ್ತದೆ.

ಕ್ಯಾಮೆರಾ ಒಂದೇ ಕಣ್ಣಿಂದ ನೋಡುತ್ತೆ. ಅದು ಕೊರತೆ ಅಲ್ವಾ?

ಹೌದು, ಒಂದು ಜಾಗ, ಒಂದು ಗಳಿಗೆ. ಮೈಸೂರು ಶೈಲಿಯ ಚಿತ್ರಕ್ಕೆ ಆ ಕಟ್ಟು ಇಲ್ಲ. ದೇವರು ದೊಡ್ಡದು, ಭಕ್ತ ಚಿಕ್ಕವನು. ಯಾರು ಮುಖ್ಯ ಎಂಬುದರ ಮೇಲೆ ಅಳತೆ, ಯಾರು ಹತ್ತಿರ ಎಂಬುದರ ಮೇಲಲ್ಲ. ಗೆಸ್ಸೊ ಎಂಬ ಗಟ್ಟಿ ಲೇಪದ ಉಬ್ಬಿನ ಮೇಲೆ ಚಿನ್ನದ ರೇಕು ಕೂರಿಸಿದ್ದರಿಂದ ದೀಪ ಅಲುಗಿದಂತೆ ಚಿತ್ರವೂ ಮಿನುಗುತ್ತದೆ. ಅದರ ಫೋಟೊ ತೆಗೆದು ನೋಡಿ, ಚಿನ್ನ ಬರೀ ಹಳದಿಯಾಗಿರುತ್ತದೆ. ಪೇಂಟರ್ ಡೇವಿಡ್ ಹಾಕ್ನಿ 1980ರ ದಶಕದಲ್ಲಿ ಈ ಒಂಟಿಕಣ್ಣಿನ ಮೇಲೆ ಸಿಟ್ಟಾಗಿ, ಒಂದೇ ನೋಟವನ್ನು ಹತ್ತಾರು ಚೂರು ಫೋಟೊಗಳಲ್ಲಿ ತೆಗೆದು ಜೋಡಿಸಿದರು. ಕಣ್ಣು ಅಲೆದಾಡಿದ್ದು ಅದರಲ್ಲಿ ಕಾಣುತ್ತದೆ.

ಆದರೂ ಆ ಕೊರತೆಯಿಂದಲೇ ಫೋಟೊದ ಬಲ ಬಂದಿದೆ. ಆ ಗಳಿಗೆ ಮತ್ತೆ ಬರುವುದಿಲ್ಲ ಎಂದು ನೋಡುವವರಿಗೆ ಗೊತ್ತು.

ಬರ, ಸಾವು, ನೋವು ಇಂಥದ್ದನ್ನ ತೋರ್ಸೋಕೆ ಯಾವುದು ಸರಿ?

1876ರಿಂದ 1878ರವರೆಗಿನ ದೊಡ್ಡ ಬರ ಮದ್ರಾಸ್ ಪ್ರಾಂತ್ಯದ ಜೊತೆ ಮೈಸೂರು ಸೀಮೆಯನ್ನೂ ತಿಂದಿತು. ಆಗ ಹೂಪರ್ ಎಂಬ ಸೇನಾಧಿಕಾರಿ ಮದ್ರಾಸಿನ ಕಡೆ ಹಸಿದವರ ಫೋಟೊ ತೆಗೆದರು. ಮೂಳೆ ಕಾಣುವ ಜನರನ್ನು ಗುಂಪಾಗಿ ಕೂರಿಸಿ, ಸ್ಟುಡಿಯೊ ಭಂಗಿಯಲ್ಲಿ ತೆಗೆದದ್ದು. ಬರದ ಭೀಕರತೆಗೆ ಅದಕ್ಕಿಂತ ಸಾಕ್ಷಿ ಬೇಡ. ಆದರೆ ಕೂರಿಸಿದವನು ಯಾರು ಎಂಬ ಪ್ರಶ್ನೆಯೂ ಆ ಫೋಟೊ ಬಿಟ್ಟು ಹೋಗುವುದಿಲ್ಲ. ಅಲ್ಲಿರುವವರು ನಿಜವಾದ ಜನ, ಅವರ ಒಪ್ಪಿಗೆ ಕೇಳಿದವರಿಲ್ಲ.

1943ರ ಬಂಗಾಳದ ಬರದಲ್ಲಿ ಸುನಿಲ್ ಜಾನಾ ಕ್ಯಾಮೆರಾ ಹಿಡಿದು, ಚಿತ್ತಪ್ರಸಾದ್ ಮಸಿ ಕುಂಚ ಹಿಡಿದು ಹಳ್ಳಿಗಳಿಗೆ ಹೋದರು. ಆ ಬರದ ಬಗ್ಗೆ ಚಿತ್ತಪ್ರಸಾದ್ ಮಾಡಿದ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡು ನಾಶ ಮಾಡಿತು. ಗೆರೆಯನ್ನು ನಂಬುವುದಿಲ್ಲ ಎಂದಿದ್ದರೆ ಅಷ್ಟು ಹೆದರಬೇಕಿರಲಿಲ್ಲ. ಅವರ ಗೆರೆಯಲ್ಲಿ ಸಿಟ್ಟು ಇದೆ, ಎದುರು ಕೂತವರ ಹೆಸರು ಊರು ಕೇಳಿ ಬರೆದ ಗುರುತಿದೆ. ಜಾನಾ ಫೋಟೊದಲ್ಲಿ "ಇದು ಆಗಲೇ ಇಲ್ಲ" ಎನ್ನಲಾಗದ ಗಟ್ಟಿತನ ಇದೆ. ಒಂದನ್ನೇ ಆರಿಸು ಎಂದರೆ, ಸಾಕ್ಷಿಗೆ ಫೋಟೊ, ಮತ್ತೆ ಮತ್ತೆ ನೋಡಲು ಚಿತ್ತಪ್ರಸಾದ್ ಎನ್ನುತ್ತೇನೆ. ಅಂಥ ಫೋಟೊವನ್ನು ಗೋಡೆಗೆ ಹಾಕಲು ನನ್ನ ಕೈಲಾಗದು.

ಎಐ ಮಾಡಿದ ಚಿತ್ರ ಫೋಟೊನಾ, ಪೇಂಟಿಂಗಾ?

ಫೋಟೊ ಅಂತೂ ಅಲ್ಲ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಒಂದು ದೊಡ್ಡ ಫೋಟೊ ಸ್ಪರ್ಧೆಗೆ ಇಬ್ಬರು ಹೆಂಗಸರಿರುವ ಎಐ ಚಿತ್ರ ಕಳಿಸಿದರು. ಬಹುಮಾನ ಬಂತು. ಇದು ಫೋಟೊ ಅಲ್ಲ ಎಂದು ಹೇಳಿ ಅವರೇ ಬೇಡವೆಂದರು. ನೋಡಲು ಥೇಟ್ ಹಳೆಯ ಫೋಟೊದಂತೆಯೇ ಇತ್ತು. ಆದರೆ ಆ ಹೆಂಗಸರ ಎದುರು ಯಾರೂ ಯಾವತ್ತೂ ನಿಂತಿರಲಿಲ್ಲ, ಆ ಹೆಂಗಸರೂ ಇರಲಿಲ್ಲ.

ಪೇಂಟಿಂಗಿಗೂ ಅದು ಪೂರ್ತಿ ಸೇರುವುದಿಲ್ಲ. ಹೇಳಿ ಬರೆಸುವ ಕೆಲಸ ಅದು, ಅರಮನೆಗಳು ಕಲಾವಿದರಿಗೆ ಅಪ್ಪಣೆ ಕೊಟ್ಟಂತೆ. ಅದಕ್ಕೆ ಬೇರೆ ಹೆಸರು, ಬೇರೆ ವಿಭಾಗ ಇರಲಿ ಎಂಬುದು ನನ್ನ ಮತ. ಸ್ಪರ್ಧೆಗೆ ಫೋಟೊ ಕಳಿಸುವವರು ಈಗ ಕ್ಯಾಮೆರಾದ ರಾ ಫೈಲನ್ನು (ಏನೂ ತಿದ್ದದ ಮೂಲ ಫೈಲು) ಅಳಿಸದೆ ಇಟ್ಟುಕೊಳ್ಳಿ. ಕಾಡಿನ ಫೋಟೊ ಗೆದ್ದರಂತೂ ಅದನ್ನು ಕೇಳಿಯೇ ಕೇಳುತ್ತಾರೆ.